ಹುಳುಕು ತಡೆಯಲು ಯಾವುದನ್ನು ಆರಿಸೋಣ? ಪೇಸ್ಟಿನಿಂದ ಮಾವಿನೆಲೆಯವರೆಗೆ ಒಂದು ಹೋಲಿಕೆ

ಮಂಗಳೂರಿನ ಯಾವ ಮೆಡಿಕಲ್ ಶಾಪಿಗೆ ಹೋದರೂ ಹಲ್ಲಿನ ಸಾಮಾನಿಗೆಂದೇ ಒಂದು ಕಪಾಟು ಇರುತ್ತದೆ. ಉಪ್ಪಿನ ಪೇಸ್ಟು, ಲವಂಗದ ಪೇಸ್ಟು, ಕಪ್ಪು ಇದ್ದಿಲಿನ ಪೇಸ್ಟು, ‘ಫ್ಲೋರೈಡ್ ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡದ್ದು ಇನ್ನೊಂದು. ಪಕ್ಕದಲ್ಲಿ ನೀಲಿ, ಹಸಿರು ಮೌತ್‌ವಾಶ್. ಮನೆಗೆ ಬಂದರೆ ಅಜ್ಜಿಯ ಮಾವಿನೆಲೆ ಉಂಟು. ಮೊಬೈಲ್ ತೆರೆದರೆ ತೆಂಗಿನೆಣ್ಣೆ ಮುಕ್ಕಳಿಸಿ ಎನ್ನುವ ವಿಡಿಯೊ.

ನಾನು ಇಲ್ಲಿನ ಡೆಂಟಲ್ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಮದುವೆ ಊಟಕ್ಕೆ ಕೂತರೂ ಪಕ್ಕದವರು ಕೇಳುವುದು ಒಂದೇ: “ಇದರಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಕೊಲ್ಲುವುದು ಯಾವುದು ಮಾರಾಯ್ತಿ?”

ಎಷ್ಟು ಕೊಲ್ಲುತ್ತದೆ ಎಂದು ನೋಡಿ ಆರಿಸಿದರೆ ತಪ್ಪು ಡಬ್ಬಿ ಮನೆಗೆ ಬರುವ ಸಂಭವವೇ ಜಾಸ್ತಿ. ಇಷ್ಟು ವರ್ಷಗಳ ಸಂಶೋಧನೆಯಲ್ಲಿ ಹುಳುಕನ್ನು ನಿಜಕ್ಕೂ ಕಡಿಮೆ ಮಾಡಿ ತೋರಿಸಿದ ವಸ್ತು ಫ್ಲೋರೈಡ್. ಅದು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಅಂಥ ಶೂರನೇನೂ ಅಲ್ಲ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುವ ಹಲವು ವಸ್ತುಗಳು ಬಾಯಿಯೊಳಗೆ ಹೋದ ಮೇಲೆ ಹುಳುಕಿನ ವಿಷಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಿಲ್ಲ. ಯಾಕೆ ಹೀಗೆ ಎನ್ನುವುದು ಗೊತ್ತಾದರೆ ಕಪಾಟಿನ ಮುಂದೆ ನಿಂತು ತಲೆ ಕೆರೆದುಕೊಳ್ಳುವ ಕೆಲಸ ಅರ್ಧ ಮುಗಿಯುತ್ತದೆ.

ಲೋಳೆ ಪದರದ ಒಳಗೆ ಏನು ನಡೆಯುತ್ತದೆ

ಬೆಳಗ್ಗೆ ಎದ್ದು ನಾಲಿಗೆಯಿಂದ ಹಲ್ಲು ಸವರಿದರೆ ಒಂದು ನುಣುಪಾದ ಜಿಗುಟು ಸಿಗುತ್ತದಲ್ಲ, ಅದೇ ಪ್ಲಾಕ್. ಲ್ಯಾಬಿನಲ್ಲಿ ಅದಕ್ಕೆ ಬಯೋಫಿಲ್ಮ್ ಎನ್ನುತ್ತೇವೆ. ಹಲ್ಲುಜ್ಜಿದ ಕೆಲವೇ ನಿಮಿಷದಲ್ಲಿ ಎಂಜಲಿನ ಪ್ರೋಟೀನು ಹಲ್ಲಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಮೊದಲು ಬಂದು ಅಂಟಿಕೊಳ್ಳುವುದು ಹೆಚ್ಚಿನ ಪಾಲು ಸಾಧು ಬ್ಯಾಕ್ಟೀರಿಯಾಗಳು: ಸ್ಟ್ರೆಪ್ಟೊಕೊಕಸ್ ಸಾಂಗ್ವಿನಿಸ್, ಗೊರ್ಡೋನಿ ಅಂಥವು. ಅವುಗಳ ಮೇಲೆ ಉಳಿದವು ಬಂದು ಕೂರುತ್ತವೆ.

ಕುಖ್ಯಾತಿ ಪಡೆದದ್ದು ಸ್ಟ್ರೆಪ್ಟೊಕೊಕಸ್ ಮ್ಯೂಟನ್ಸ್. 1924ರಲ್ಲಿ ಇಂಗ್ಲೆಂಡಿನಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲಿನಿಂದ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅದರ ಚಾಲಾಕಿತನ ನೋಡಬೇಕಾದರೆ ನಾವು ವಿದ್ಯಾರ್ಥಿಗಳಿಗೆ ಮಾಡಿಸುವ ಒಂದು ಸರಳ ಪ್ರಯೋಗ ಸಾಕು. 96 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು. ಒಂದು ಸಾಲಿಗೆ ಗ್ಲೂಕೋಸ್ ಹಾಕಿದ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಇನ್ನೊಂದು ಸಾಲಿಗೆ ನಾವು ಚಹಾಕ್ಕೆ ಹಾಕುವ ಸಕ್ಕರೆ, ಅಂದರೆ ಸುಕ್ರೋಸ್ ಹಾಕಿದ ಬ್ರಾತ್. ಎರಡಕ್ಕೂ ಅದೇ ಮ್ಯೂಟನ್ಸ್. 37 ಡಿಗ್ರಿಯಲ್ಲಿ ಒಂದು ದಿನ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಮರುದಿನ ಎರಡೂ ಸಾಲು ಕದಡಿರುತ್ತದೆ, ಅಂದರೆ ಎರಡರಲ್ಲೂ ಬ್ಯಾಕ್ಟೀರಿಯಾ ಬೆಳೆದಿದೆ. ಪ್ಲೇಟನ್ನು ಬೋರಲು ಹಾಕಿ ಚೆಲ್ಲಿ, ನಿಧಾನಕ್ಕೆ ತೊಳೆದು, ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, ಮತ್ತೆ ತೊಳೆಯುವುದು. ಗ್ಲೂಕೋಸ್ ಸಾಲಿನಲ್ಲಿ ಉಳಿಯುವುದು ಮಸುಕು ನೇರಳೆ. ಸುಕ್ರೋಸ್ ಸಾಲಿನ ತಳದಲ್ಲಿ ಗಾಢ ನೇರಳೆ ಪದರ ಗಟ್ಟಿಯಾಗಿ ಕೂತಿರುತ್ತದೆ. ಸೂಜಿ ಮೊನೆಯಿಂದ ಕೆರೆದರೆ ಅದು ಚರ್ಮದ ಹಾಗೆ ಎದ್ದು ಬರುತ್ತದೆ.

ಬ್ಯಾಕ್ಟೀರಿಯಾ ಒಂದೇ ಆದರೂ ಇಷ್ಟು ವ್ಯತ್ಯಾಸ ಹೇಗೆ? ಮ್ಯೂಟನ್ಸ್ ಹತ್ತಿರ ಗ್ಲೂಕೋಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳಿವೆ. ಅವು ಸುಕ್ರೋಸನ್ನು ಒಡೆದು ಗ್ಲೂಕಾನ್ ಎಂಬ ನೀರಿಗೆ ಕರಗದ ಅಂಟು ತಯಾರಿಸುತ್ತವೆ. ಗ್ಲೂಕೋಸ್ ಒಂದೇ ಇದ್ದರೆ ಈ ಅಂಟು ಆಗುವುದಿಲ್ಲ. ಅಂದರೆ ಸಕ್ಕರೆ ಈ ಬ್ಯಾಕ್ಟೀರಿಯಾಕ್ಕೆ ಊಟವೂ ಹೌದು, ಮನೆ ಕಟ್ಟುವ ಸಾಮಾನೂ ಹೌದು.

ಆ ಮನೆಯೊಳಗೆ ಔಷಧಿ ಸುಲಭಕ್ಕೆ ಇಳಿಯುವುದಿಲ್ಲ. ಇದನ್ನು ಮೊದಲು ಕಂಡದ್ದು ಹಾಲೆಂಡಿನ ಲೇವೆನ್‌ಹುಕ್. 1683ರ ಆಸುಪಾಸಿನಲ್ಲಿ ತನ್ನದೇ ಹಲ್ಲಿನ ಕಿಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾತ. ವಿನೆಗರಿನಲ್ಲಿ ಬಾಯಿ ಮುಕ್ಕಳಿಸಿದರೆ ಕಿಟ್ಟದ ಹೊರಗಿನ ಜೀವಿಗಳು ಮಾತ್ರ ಸಾಯುತ್ತವೆ, ಒಳಗಿನವು ಹಾಗೇ ಇರುತ್ತವೆ ಎಂದು ಆಗಲೇ ಬರೆದಿಟ್ಟ. ಮೌತ್‌ವಾಶ್ ಜಾಹೀರಾತು ಬರೆಯುವವರು ಇದನ್ನು ಓದಿದ್ದರೆ ಚೆನ್ನಾಗಿತ್ತು. ನಮ್ಮಲ್ಲಿ ಆಟಿಯ ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟುತ್ತದಲ್ಲ, ಹಾಗೆಯೇ ಇದು. ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಮೇಲೆ ಬೆಳ್ಳಗಾಗುತ್ತದೆ, ಆದರೆ ಕಾಲಿಟ್ಟರೆ ಜಾರುವುದು ತಪ್ಪುವುದಿಲ್ಲ. ಹಿಡಿಸೂಡಿ ಹಿಡಿದು ತಿಕ್ಕಲೇಬೇಕು, ನಾಲ್ಕು ದಿನ ಬಿಟ್ಟು ಮತ್ತೆ ತಿಕ್ಕಬೇಕು.

ಇನ್ನು ಆಸಿಡ್ಡಿನ ವಿಷಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಪದರದೊಳಗೆ ಲ್ಯಾಕ್ಟಿಕ್ ಆಸಿಡ್ ತುಂಬುತ್ತದೆ. ಆಸಿಡ್ ಎಷ್ಟಿದೆ ಎನ್ನುವುದರ ಅಳತೆ ಪಿಎಚ್, ಆಸಿಡ್ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ ಕರಗಿ ಹೊರಬರುತ್ತದೆ. ಎಂಜಲು ಪಿಎಚ್ಚನ್ನು ಮತ್ತೆ ಮೇಲೆತ್ತಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೇಲೆ ಬಂದಾಗ ಕಳೆದುಹೋದ ಖನಿಜ ಸ್ವಲ್ಪ ಸ್ವಲ್ಪ ವಾಪಸ್ ಸೇರುತ್ತದೆ. 1940ರ ದಶಕದಲ್ಲಿ ಸ್ಟೀಫನ್ ಎಂಬವರು ಈ ಏರಿಳಿತವನ್ನು ಗ್ರಾಫಿನಲ್ಲಿ ತೋರಿಸಿದರು. ಡೆಂಟಲ್ ವಿದ್ಯಾರ್ಥಿಗಳು ಈಗಲೂ ಪರೀಕ್ಷೆಗೆ ಅದನ್ನೇ ಬಿಡಿಸುತ್ತಾರೆ. ದಿನಕ್ಕೆ ಎಷ್ಟು ಸಲ ಇಳಿಯಿತು, ಎಷ್ಟು ಹೊತ್ತು ಕೆಳಗೇ ಇತ್ತು ಎನ್ನುವುದರ ಮೇಲೆ ಹುಳುಕು ನಿಂತಿದೆ.

ಹಾಗಾದರೆ ಮ್ಯೂಟನ್ಸ್ ಒಂದನ್ನೇ ಕೊಂದರೆ ಆಯ್ತಲ್ಲ? ಹಿಂದೆ ಹಾಗೆಯೇ ನಂಬಿದ್ದರು. 1994ರಲ್ಲಿ ಫಿಲಿಪ್ ಮಾರ್ಷ್ ಬೇರೆ ಮಾತು ಹೇಳಿದರು: ಪದೇ ಪದೇ ಆಸಿಡ್ ಆದರೆ ಆಸಿಡ್ ತಡೆದುಕೊಳ್ಳುವವು ಜಾಸ್ತಿಯಾಗುತ್ತವೆ, ಸಾಧು ಬ್ಯಾಕ್ಟೀರಿಯಾ ಹಿಂದೆ ಸರಿಯುತ್ತವೆ, ರೋಗ ಬರುವುದು ಈ ಸಮತೋಲ ತಪ್ಪಿದ್ದಕ್ಕೆ. ಮ್ಯೂಟನ್ಸ್ ಅತಿ ಕಡಿಮೆ ಇರುವ ಹುಳುಕು ಹಲ್ಲುಗಳೂ ಸಿಗುತ್ತವೆ. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ, ಸ್ಕಾರ್ಡೋವಿಯಾ, ಚಿಕ್ಕ ಮಕ್ಕಳಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಕೂಡ ಜೊತೆಗಿರುತ್ತವೆ. ವಸಡಿನ ರೋಗದ್ದು ಎಂದುಕೊಂಡಿದ್ದ ಸೆಲೆನೊಮೊನಾಸ್ ಸ್ಪುಟಿಜಿನಾ ಎಂಬ ಬ್ಯಾಕ್ಟೀರಿಯಾ ಮ್ಯೂಟನ್ಸಿನ ಸುತ್ತ ಗೂಡು ಕಟ್ಟಿ ಆಸಿಡ್ ಹೆಚ್ಚಿಸುತ್ತದೆ ಎಂದು 2023ರಲ್ಲಿ ಅಮೆರಿಕದ ತಂಡವೊಂದು ತೋರಿಸಿತು. ಇಷ್ಟು ಜನ ಸೇರಿ ಮಾಡುವ ಕೆಲಸಕ್ಕೆ ಒಬ್ಬನನ್ನೇ ಹಿಡಿದು ಶಿಕ್ಷೆ ಕೊಟ್ಟರೆ ಸಾಲದು.

‘ಪ್ರಯೋಗದಲ್ಲಿ ಸಾಬೀತಾಗಿದೆ’ ಎಂದರೆ ಎಷ್ಟು ಸಾಬೀತು?

ಪೇರಳೆ ಎಲೆ, ಅರಸಿನ, ಲವಂಗ, ತುಳಸಿ: ಇವುಗಳ ರಸ ಹಲ್ಲಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬ ಸುದ್ದಿ ಆಗಾಗ ಬರುತ್ತದೆ. ಸುಳ್ಳಲ್ಲ. ಅಗಾರ್ ಎಂಬ ಜೆಲ್ಲಿ ತುಂಬಿದ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹರಡಿ, ನಡುವೆ ತೂತು ಮಾಡಿ ರಸ ಬಿಟ್ಟರೆ ಸುತ್ತ ಬೋಳು ವೃತ್ತ ಕಾಣುತ್ತದೆ. ಖರ್ಚು ಕಡಿಮೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ ಅಂಟಿನ ಮನೆಯೂ ಇಲ್ಲ, ಹರಿಯುವ ಎಂಜಲೂ ಇಲ್ಲ. ರಸ ಇಡೀ ರಾತ್ರಿ ಅಲ್ಲೇ ಇರುತ್ತದೆ. ಬಾಯಿಯಲ್ಲಿ ಅದು ಅರ್ಧ ನಿಮಿಷ ನಿಂತರೆ ಹೆಚ್ಚು. ಬಯೋಫಿಲ್ಮ್ ಆಗಿ ಕೂತ ಬ್ಯಾಕ್ಟೀರಿಯಾಕ್ಕೆ ಔಷಧಿ ತಡೆಯುವ ಶಕ್ತಿ ತೇಲಾಡುವವಕ್ಕಿಂತ ಹತ್ತು ಪಟ್ಟಿನಿಂದ ಸಾವಿರ ಪಟ್ಟಿನವರೆಗೂ ಜಾಸ್ತಿ ಇರಬಹುದು.

ಹಾಗಾಗಿ ನಾನು ಯಾವುದೇ ವಸ್ತುವಿನ ಬಗ್ಗೆ ಕೇಳುವುದು, ಅದು ಎಲ್ಲಿಯವರೆಗೆ ಹೋಗಿ ಗೆದ್ದಿದೆ ಎಂದು. ಬೋಳು ವೃತ್ತ ಮೊದಲ ಹಂತ. ಪ್ಲೇಟಿನ ಬಯೋಫಿಲ್ಮ್ ಅದರ ಮುಂದಿನದು. ಜನರ ಬಾಯಿಯಲ್ಲಿ ಪ್ಲಾಕ್ ಕಡಿಮೆಯಾಯಿತಾ ಎನ್ನುವುದು ಇನ್ನೂ ಮೇಲಿನದು. ಎರಡು ಮೂರು ವರ್ಷ ಮಕ್ಕಳನ್ನು ಗಮನಿಸಿ, ಹೊಸ ಹುಳುಕು ಎಷ್ಟಾಯಿತು ಎಂದು ಎಣಿಸುವುದು ಕೊನೆಯದು. ಆ ಕೊನೆಯ ಹಂತದವರೆಗೆ ಹೋದವು ಬಹಳ ಇಲ್ಲ.

ಪೇಸ್ಟು: ಬಣ್ಣ ಬಿಟ್ಟು ಪಿಪಿಎಂ ನೋಡಿ

ಫ್ಲೋರೈಡ್ ಪೇಸ್ಟು ಕೊನೆಯ ಹಂತವನ್ನು ಹಲವು ಸಲ ದಾಟಿದೆ. ಮಕ್ಕಳ ಮೇಲಿನ ಹತ್ತಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 2003ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒರೆಹಚ್ಚುವ ಕೊಕ್ರೇನ್ ಸಂಸ್ಥೆ ಮಾಡಿದ ಪರಿಶೀಲನೆಯಲ್ಲಿ ಹುಳುಕು ಸರಾಸರಿ ಶೇ. 24ರಷ್ಟು ಕಡಿಮೆಯಾಗಿತ್ತು. ಫ್ಲೋರೈಡ್ ಮುಖ್ಯವಾಗಿ ಕೆಲಸ ಮಾಡುವುದು ಹಲ್ಲಿನ ಕಡೆಯಿಂದ. ಕರಗಿಹೋದ ಕ್ಯಾಲ್ಸಿಯಂ ಬೇಗ ವಾಪಸ್ ಕೂರಲು ಸಹಾಯ ಮಾಡುತ್ತದೆ. ಹಾಗೆ ಕೂತ ಖನಿಜ ಪಿಎಚ್ 4.5ರ ಹತ್ತಿರದವರೆಗೂ ತಡೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಆಸಿಡ್ ತಯಾರಿಗೂ ಸ್ವಲ್ಪ ಅಡ್ಡಿ ಮಾಡುತ್ತದೆ, ಆದರೆ ಅದು ಚಿಲ್ಲರೆ ಲಾಭ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಫ್ಲೋರೈಡ್ ಎಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ, ಎಂದು ಇರುತ್ತದೆ. ನಮ್ಮ ದೇಶದ ನಿಯಮದಲ್ಲಿ 1000 ಪಿಪಿಎಂ ಮೀರುವಂತಿಲ್ಲ. 1000ದ ಆಸುಪಾಸು ಇದ್ದರೆ ತೆಗೆದುಕೊಳ್ಳಿ. ಅದಕ್ಕಿಂತ ತೀರಾ ಕಡಿಮೆ ಇರುವ ಮಕ್ಕಳ ಪೇಸ್ಟುಗಳಿಗೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಇಷ್ಟು ಸಿಕ್ಕ ಮೇಲೆ ಉಪ್ಪು ಇರಲಿ, ಬೇವು ಇರಲಿ, ಕೆಂಪು ಗೆರೆ ಇರಲಿ, ನಿಮ್ಮ ಬಾಯಿರುಚಿಗೆ ಬಿಟ್ಟದ್ದು. ‘ಹರ್ಬಲ್’ ಎಂದು ಬರೆದ ಕೆಲವದರಲ್ಲಿ ಫ್ಲೋರೈಡ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ತಿರುಗಿಸಿ ಓದಿ.

ಫ್ಲೋರೈಡ್ ಎಂದರೆ ಹೆದರುವವರು ನಮ್ಮಲ್ಲಿ ಕಡಿಮೆ ಇಲ್ಲ. ವಾಟ್ಸ್ಯಾಪಿನಲ್ಲಿ ಬರುವ ಹಳದಿ ಹಲ್ಲು, ಬಾಗಿದ ಕಾಲಿನ ಚಿತ್ರಗಳು ಸುಳ್ಳಲ್ಲ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಲ್ಲಿ ತೊಂದರೆ ಬರುವುದು ವರ್ಷಗಟ್ಟಲೆ ಆ ನೀರನ್ನು ಕುಡಿಯುವುದರಿಂದ. ನಮ್ಮ ಕರಾವಳಿಯ ಕೆಂಪುಕಲ್ಲಿನ ನೆಲದ ಬಾವಿ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯೇ. ಬಯಲುಸೀಮೆಯ ನೀರಿನ ಚಿತ್ರ ನೋಡಿ ಬಂಟ್ವಾಳದಲ್ಲೋ ಕಾಪುವಿನಲ್ಲೋ ಕೂತು ಉಗುಳುವ ಪೇಸ್ಟು ಬಿಡುವುದರಲ್ಲಿ ಅರ್ಥ ಇಲ್ಲ. ಮಕ್ಕಳು ನುಂಗುವುದು ಬೇರೆ ವಿಷಯ. ಅದಕ್ಕೇ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ ತುಂಬ ಅಲೆಅಲೆಯಾಗಿ ಹಾಕುತ್ತಾರಲ್ಲ, ಅದು ಪೇಸ್ಟು ಬೇಗ ಖಾಲಿಯಾಗಲಿಕ್ಕೆ.

ಇನ್ನೊಂದು ಪುಕ್ಕಟೆ ಉಪಾಯ: ಉಜ್ಜಿದ ಮೇಲೆ ಉಗುಳಿ, ಆದರೆ ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿದಷ್ಟು ಒಳ್ಳೆಯದು. ಸ್ವಚ್ಛತೆಯ ಅಭ್ಯಾಸ ಇರುವ ನಮ್ಮ ಮನೆಗಳಲ್ಲಿ ಇದನ್ನು ಒಪ್ಪಿಸುವುದು ಕಷ್ಟ, ಗೊತ್ತುಂಟು.

ಇದ್ದಿಲಿನ ಪೇಸ್ಟಿಗೆ ನನ್ನ ಮತ ಇಲ್ಲ. ಅದು ಕಲೆ ತೆಗೆಯುವುದು ಉಜ್ಜಿ ಉಜ್ಜಿ. ದಿನಾ ಬಳಸಿದರೆ ಎನಾಮೆಲ್ ಸವೆಯುವ ಭಯ, ಹುಳುಕಿಗೆ ಲಾಭ ತೋರಿಸಿದ ಪುರಾವೆ ಇಲ್ಲ. ಹೊಗೆಸೊಪ್ಪು ಸೇರಿಸಿದ ಹಲ್ಲುಪುಡಿಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಎಲ್ಲಾದರೂ ಕಂಡರೆ ದೂರ ಇಡಿ.

ಮಾವಿನೆಲೆ, ಉಮಿಕರಿ, ಬೇವಿನ ಕಡ್ಡಿ

ಹಣ್ಣಾದ ಮಾವಿನೆಲೆಯ ನಡುನರ ತೆಗೆದು, ಸುರುಳಿ ಸುತ್ತಿ ಹಲ್ಲಿಗೆ ಉಜ್ಜುವುದು ಈ ಕಡೆಯ ಹಿರಿಯರ ಪದ್ಧತಿ. ಎಲೆಯ ನರವೇ ನಾಲಿಗೆ ಕೆರೆಯಲು ಆಗುತ್ತಿತ್ತು. ಎಲೆಯಲ್ಲಿ ಟ್ಯಾನಿನ್ ಉಂಟು, ಮ್ಯಾಂಗಿಫೆರಿನ್ ಉಂಟು, ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾಕ್ಕೆ ತಡೆಯನ್ನೂ ಒಡ್ಡುತ್ತದೆ. ಆದರೆ ಅದರ ನಿಜವಾದ ಉಪಯೋಗ ಉಜ್ಜುವುದರಲ್ಲಿದೆ ಎಂದು ನನ್ನ ಲೆಕ್ಕ. ಪದರವನ್ನು ಕೈಯಿಂದ ಕದಡುವ ಯಾವುದೂ ಸುಮ್ನೆ ಹೋಗುವುದಿಲ್ಲ. ಹಲ್ಲಿನ ಹೊರಮೈ ಚೆನ್ನಾಗಿ ಸ್ವಚ್ಛ ಆಗುತ್ತದೆ. ದವಡೆ ಹಲ್ಲಿನ ಗುಳಿಗಳಿಗೆ, ಎರಡು ಹಲ್ಲುಗಳ ಸಂದಿಗೆ ಎಲೆ ಇಳಿಯುವುದಿಲ್ಲ. ಹುಳುಕು ಶುರುವಾಗುವುದು ಹೆಚ್ಚಾಗಿ ಅಲ್ಲೇ.

“ನಮ್ಮ ಅಜ್ಜನಿಗೆ ತೊಂಬತ್ತರವರೆಗೂ ಹಲ್ಲು ಗಟ್ಟಿ ಇತ್ತು, ಪೇಸ್ಟು ಮುಟ್ಟಿದವರೇ ಅಲ್ಲ” ಎನ್ನುತ್ತಾರೆ. ಇರಬಹುದು. ಆ ಅಜ್ಜ ಗಂಜಿ ಊಟ ಮಾಡಿದವರು, ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ, ನಡುವೆ ಕ್ರೀಂ ಬಿಸ್ಕೆಟ್ ಅವರಿಗೆ ಇರಲಿಲ್ಲ. ಅಜ್ಜನ ಊಟ ಬಿಟ್ಟು ಅಜ್ಜನ ಎಲೆ ಮಾತ್ರ ತಂದರೆ ಆಗುತ್ತದಾ? ಎಲೆ ಇಷ್ಟ ಇದ್ದರೆ ಬೆಳಗ್ಗೆ ಎಲೆ, ರಾತ್ರಿ ಫ್ಲೋರೈಡ್ ಪೇಸ್ಟು ಎಂದು ಒಪ್ಪಂದ ಮಾಡಿಕೊಳ್ಳಿ. ಬೇವಿನ ಕಡ್ಡಿಗೂ ಇದೇ ಮಾತು. ಭತ್ತದ ಉಮಿ ಸುಟ್ಟ ಕರಿ ಮಾತ್ರ ಬೇಡ, ಅದರಲ್ಲಿರುವ ಸಿಲಿಕಾ ಎನಾಮೆಲ್ಲಿಗೆ ಒರಟು.

ಎಣ್ಣೆ ಮುಕ್ಕಳಿಸುವುದು

ಎಳ್ಳೆಣ್ಣೆಯಾಗಲಿ ತೆಂಗಿನೆಣ್ಣೆಯಾಗಲಿ, ಚಿಕ್ಕ ಅಧ್ಯಯನಗಳಲ್ಲಿ ಪ್ಲಾಕ್ ಸ್ವಲ್ಪ ಕಡಿಮೆಯಾದದ್ದು ಕಂಡಿದೆ. ಹೊಸ ಹುಳುಕು ಕಡಿಮೆಯಾಯಿತು ಎಂದು ತೋರಿಸಿದ ದೊಡ್ಡ ಅಧ್ಯಯನ ಇಲ್ಲ. ಹತ್ತು ಹದಿನೈದು ನಿಮಿಷ ತಾಳ್ಮೆ ಇದ್ದವರು ಮಾಡಿದರೆ ನಷ್ಟ ಇಲ್ಲ, ಆದರೆ ಅದನ್ನು ಮಾಡಿದೆ ಎಂದು ಬ್ರಶ್ ಬಿಡಬೇಡಿ. ಮಕ್ಕಳಿಗೆ, ನುಂಗಲು ಕಷ್ಟ ಪಡುವ ವಯಸ್ಸಾದವರಿಗೆ ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ಉಗುಳುವುದು ಸಿಂಕಿಗಲ್ಲ, ತೆಂಗಿನ ಬುಡಕ್ಕೆ.

ಮೌತ್‌ವಾಶ್‌ಗಳಲ್ಲಿ ಯಾವುದು ಯಾರಿಗೆ

ಬ್ಯಾಕ್ಟೀರಿಯಾ ಕೊಲ್ಲುವ ಸ್ಪರ್ಧೆ ಇಟ್ಟರೆ ಕ್ಲೋರ್‌ಹೆಕ್ಸಿಡಿನ್ ಗೆಲ್ಲುತ್ತದೆ. ಹಲ್ಲಿಗೆ, ಬಾಯಿಯ ಒಳಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಶೇ. 0.2ರದ್ದು. ಆಪರೇಶನ್ ಆದ ಮೇಲೆ, ವಸಡು ಊದಿದಾಗ, ಬ್ರಶ್ ಮಾಡಲು ಆಗದ ದಿನಗಳಲ್ಲಿ ಡಾಕ್ಟ್ರು ಕೊಡುತ್ತಾರೆ. ಅದಕ್ಕೆ ಅದು ಸರಿಯಾದ ಮದ್ದು. ಹುಳುಕಿಗೆ ಎಂದರೆ ಕಥೆ ಬೇರೆ. ಮಕ್ಕಳಲ್ಲಿ ಕ್ಲೋರ್‌ಹೆಕ್ಸಿಡಿನ್ ಜೆಲ್, ವಾರ್ನಿಶ್ ಬಳಸಿದ ಅಧ್ಯಯನಗಳನ್ನು 2015ರಲ್ಲಿ ಕೊಕ್ರೇನ್ ಜಾಲಾಡಿದಾಗ ಹುಳುಕು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಪದರದ ಆಳವನ್ನೂ ತೋರಿಸುವ ಕಾನ್ಫೋಕಲ್ ಮೈಕ್ರೋಸ್ಕೋಪಿನಲ್ಲಿ ಸತ್ತದ್ದಕ್ಕೆ ಕೆಂಪು, ಬದುಕಿದ್ದಕ್ಕೆ ಹಸಿರು ಬಣ್ಣ ಕೊಟ್ಟು ನೋಡಿದರೆ ದಪ್ಪ ಪದರದ ಮೇಲ್ಭಾಗ ಕೆಂಪಾಗಿ, ಬುಡ ಹಸಿರಾಗಿಯೇ ಕಾಣುವುದುಂಟು. ಮ್ಯೂಟನ್ಸ್ ಸಂಖ್ಯೆ ಕೆಲವು ವಾರ ಇಳಿದರೂ ಸಕ್ಕರೆ ಅಷ್ಟೇ ಸಿಗುತ್ತಿದ್ದರೆ ಮತ್ತೆ ಏರುತ್ತದೆ.

ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಚಹಾ ಜಾಸ್ತಿ ಕುಡಿಯುವವರಿಗೆ ಕಲೆ ಇನ್ನೂ ಬೇಗ. ಬಳಸುವುದೇ ಆದರೆ ಪೇಸ್ಟಿನಲ್ಲಿ ಉಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಪೇಸ್ಟಿನ ನೊರೆ ಬರಿಸುವ ವಸ್ತು ಅದರ ಶಕ್ತಿ ತಗ್ಗಿಸುತ್ತದೆ.

ಹುಳುಕಿಗಾಗಿಯೇ ಮೌತ್‌ವಾಶ್ ಬೇಕೆಂದರೆ ಶೇ. 0.05ರ ಸೋಡಿಯಂ ಫ್ಲೋರೈಡ್ ಇರುವುದನ್ನು ನೋಡಿ. ಆರು ವರ್ಷ ಆಗಿ, ಉಗುಳಲು ಸರಿಯಾಗಿ ಬರುವ ಮಕ್ಕಳಿಗೂ ಆಗುತ್ತದೆ. ಉಳಿದ ಬಣ್ಣಬಣ್ಣದವು ಬಾಯಿ ವಾಸನೆಗೆ, ಫ್ರೆಶ್ ಅನಿಸಲಿಕ್ಕೆ. ಅಷ್ಟೇ.

ಬ್ರಶ್ ಬಗ್ಗೆ ಒಂದೇ ಮಾತು. ಬ್ಯಾಟರಿ ಬ್ರಶ್ ಮೂರು ತಿಂಗಳ ಮೇಲಿನ ಅಧ್ಯಯನಗಳಲ್ಲಿ ಸಾದಾ ಬ್ರಶ್‌ಗಿಂತ ಶೇ. 21ರಷ್ಟು ಹೆಚ್ಚು ಪ್ಲಾಕ್ ತೆಗೆದಿದೆ. ಕೈ ನಡುಗುವವರಿಗೆ, ಸೋಮಾರಿಗಳಿಗೆ ಒಳ್ಳೆಯದು. ಎರಡು ನಿಮಿಷ ಸರಿಯಾಗಿ ಉಜ್ಜುವವರಿಗೆ ಮೃದು ಎಳೆಯ ಸಾದಾ ಬ್ರಶ್ ಧಾರಾಳ ಸಾಕು.

ಗಮ್, ‘ಒಳ್ಳೆ ಬ್ಯಾಕ್ಟೀರಿಯಾ’, ಹೊಸ ಬ್ಯಾಕ್ಟೀರಿಯಾ

ಕ್ಸೈಲಿಟಾಲ್ ಎಂಬ ಸಿಹಿಯನ್ನು ಮ್ಯೂಟನ್ಸ್ ಆಸಿಡ್ ಮಾಡಲಾರದು. 1970ರ ದಶಕದಲ್ಲಿ ಫಿನ್ಲೆಂಡಿನ ಟುರ್ಕುವಿನಲ್ಲಿ ಇದರ ಸಂಶೋಧನೆ ಶುರುವಾಯಿತು. ತಾಯಂದಿರು ಕ್ಸೈಲಿಟಾಲ್ ಗಮ್ ಜಗಿದಾಗ ಎಂಜಲಿನ ಮೂಲಕ ಮಗುವಿಗೆ ಮ್ಯೂಟನ್ಸ್ ದಾಟುವುದು ಕಡಿಮೆಯಾದದ್ದನ್ನೂ ಅಲ್ಲಿಯವರೇ ತೋರಿಸಿದರು. ಒಟ್ಟು ಪುರಾವೆ ಮಾತ್ರ ಇನ್ನೂ ದುರ್ಬಲ, ಬೆಲೆಯೂ ಜಾಸ್ತಿ. ಊಟದ ಮೇಲೆ ಸಕ್ಕರೆ ಇಲ್ಲದ ಯಾವ ಗಮ್ ಜಗಿದರೂ ಎಂಜಲು ಹೆಚ್ಚಿ ಆಸಿಡ್ ಬೇಗ ಇಳಿಯುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಡಬ್ಬಿ ಎತ್ತರದಲ್ಲಿ ಇಡಿ, ನಾಯಿಗೆ ಅದು ವಿಷ.

ಅರ್ಜಿನಿನ್ ಎಂಬ ಅಮೈನೋ ಆಸಿಡ್ ಹಾಕಿದ ಪೇಸ್ಟುಗಳ ಹಿಂದಿನ ಯೋಚನೆ ನನಗೆ ತುಂಬ ಇಷ್ಟ. ಸಾಂಗ್ವಿನಿಸ್, ಗೊರ್ಡೋನಿ ಅದನ್ನು ತಿಂದು ಅಮೋನಿಯಾ ಬಿಡುತ್ತವೆ, ಆಸಿಡ್ ತಟಸ್ಥವಾಗುತ್ತದೆ. ಯಾರನ್ನೂ ಕೊಲ್ಲದೆ ಸಾಧುಗಳ ಕೈ ಬಲಪಡಿಸುವ ದಾರಿ. ಫ್ಲೋರೈಡ್ ಜೊತೆಗೆ ಸಿಕ್ಕರೆ ಮಾತ್ರ ಕೊಳ್ಳಿ, ಫ್ಲೋರೈಡ್ ಬಿಟ್ಟು ಬೇಡ. ಪ್ರೋಬಯಾಟಿಕ್ ಮಾತ್ರೆಗಳಲ್ಲಿರುವ ‘ಒಳ್ಳೆ ಬ್ಯಾಕ್ಟೀರಿಯಾ’ ಮಾತ್ರೆ ತಿನ್ನುವಷ್ಟು ದಿನ ಬಾಯಲ್ಲಿ ಇರುತ್ತವೆ, ನಿಲ್ಲಿಸಿದರೆ ಹೊರಟುಹೋಗುತ್ತವೆ. ಫ್ಲೋರಿಡಾದ ಜೆಫ್ರಿ ಹಿಲ್‌ಮನ್ ಲ್ಯಾಕ್ಟಿಕ್ ಆಸಿಡ್ ಮಾಡಲಾರದ ಹಾಗೆ ಮ್ಯೂಟನ್ಸಿನ ಜೀನನ್ನೇ ಬದಲಿಸಿದ್ದರು. ಅಂಥದ್ದನ್ನು ಅಮೆರಿಕದಲ್ಲಿ ಇತ್ತೀಚೆಗೆ ಮಾರಾಟಕ್ಕೂ ಇಟ್ಟರು, ಜನರ ಮೇಲಿನ ಪೂರ್ತಿ ಪರೀಕ್ಷೆ ಮುಗಿಯದೆ. ಆನ್‌ಲೈನಿನಲ್ಲಿ ಕಂಡು ಆಸೆಪಡಬೇಡಿ. ಒಮ್ಮೆ ಬಾಯಲ್ಲಿ ನೆಲೆಸಿದ್ದನ್ನು ಬೇಡ ಎಂದರೆ ತೆಗೆಯುವುದು ಹೇಗೆ?

ಸಕ್ಕರೆಯ ಸಲಗಳು

ಸ್ವೀಡನ್ನಿನ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರ ಮೇಲೆ, ಅವರ ಒಪ್ಪಿಗೆ ಇಲ್ಲದೆ, ಒಂದು ಪ್ರಯೋಗ ಮಾಡಿದರು. ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಒಪ್ಪದ ಕೆಲಸ. ಊಟದ ಜೊತೆ ಸಕ್ಕರೆ ಕೊಟ್ಟವರಿಗೆ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟು ಟಾಫಿ ಕೊಟ್ಟವರ ಹಲ್ಲು ಹಾಳಾಯಿತು. ಆ ಜನ ಅನುಭವಿಸಿದ್ದರಿಂದ ಜಗತ್ತಿಗೆ ಇದು ಗೊತ್ತಾಯಿತು.

ಅದಕ್ಕೆ ನಾನು ಬನ್ಸ್ ಬಿಡಿ, ಕಾಯಿಹಾಲು ಪಾಯಸ ಬಿಡಿ ಎನ್ನುವುದಿಲ್ಲ. ಹಬ್ಬದ ಊಟದ ಜೊತೆ ಪಾಯಸ ಎರಡು ಸಲ ಹಾಕಿಸಿಕೊಳ್ಳಿ. ಗಡ್‌ಬಡ್ ಐಸ್‌ಕ್ರೀಂ ತಿನ್ನುವುದಾದರೂ ಕೂತು ಒಮ್ಮೆಗೆ ತಿಂದು ಮುಗಿಸಿ. ತೊಂದರೆ ಇರುವುದು ಆಫೀಸಿನ ಮೇಜಿನ ಮೇಲೆ ಗಂಟೆಗೊಮ್ಮೆ ಬರುವ ಸಕ್ಕರೆ ಚಹಾದಲ್ಲಿ, ಬಸ್ಸಿನಲ್ಲಿ ಕೂತು ಉಡುಪಿಯಿಂದ ಮಂಗಳೂರಿನವರೆಗೂ ಗುಟುಕರಿಸುವ ಜ್ಯೂಸಿನಲ್ಲಿ, ಮಗು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುವ ಸಕ್ಕರೆ ಹಾಲಿನ ಬಾಟಲಿಯಲ್ಲಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಎನ್ನಬೇಡಿ, ಬೆಲ್ಲವೂ ಹೆಚ್ಚಿನ ಪಾಲು ಸುಕ್ರೋಸೇ.

ಡಾಕ್ಟ್ರ ಕೈಯಲ್ಲಿ ಆಗುವವು

ದೇರಳಕಟ್ಟೆ, ಮಂಗಳೂರು, ಮಣಿಪಾಲ: ಇಷ್ಟು ಹತ್ತಿರ ಹತ್ತಿರ ಡೆಂಟಲ್ ಕಾಲೇಜುಗಳಿರುವ ಜಾಗ ಕಡಿಮೆ. ಕಾಲೇಜಿನ ಓಪಿಡಿಯಲ್ಲಿ ಸಮಯ ಜಾಸ್ತಿ ಹಿಡಿಯುತ್ತದೆ, ವಿದ್ಯಾರ್ಥಿಗಳು ಮಾಡುತ್ತಾರೆ, ಮೇಲೆ ಟೀಚರ್ ನೋಡುತ್ತಾರೆ. ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ. ಮಕ್ಕಳಿಗಾದರೆ ಪೀಡೋ ವಿಭಾಗ ಎಂದು ಕೇಳಿ.

ಅಲ್ಲಿ ಮೂರು ಆಯ್ಕೆಗಳು. ಫ್ಲೋರೈಡ್ ವಾರ್ನಿಶ್, ಶೇ. 5ರ ಸೋಡಿಯಂ ಫ್ಲೋರೈಡ್, ಬ್ರಶ್ಶಿನಲ್ಲಿ ಹಚ್ಚಿದರೆ ಆಯಿತು, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಹಲ್ಲು ಪೂರ್ತಿ ಕೆಡುವ ಮೊದಲು ಬಿಳಿ ಮಚ್ಚೆ ಕಾಣುತ್ತದಲ್ಲ, ಆಗ ಇದು ತುಂಬ ಉಪಕಾರಿ. ಎರಡನೆಯದು ಸೀಲೆಂಟ್. ಆರು ವರ್ಷದ ಹೊತ್ತಿಗೆ ಬರುವ ಶಾಶ್ವತ ದವಡೆ 
ಹಲ್ಲಿನ ಗುಳಿ ಎಷ್ಟು ಇರುಕಲು ಎಂದರೆ ಬ್ರಶ್ಶಿನ ಎಳೆಯೇ ಒಳಗೆ ಹೋಗುವುದಿಲ್ಲ. ಆ ಗುಳಿಯನ್ನು ಮುಚ್ಚಿಬಿಟ್ಟರೆ ಒಳಗಿರುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗುವುದಿಲ್ಲ. ಕೊಲ್ಲುವ ಗೋಜೇ ಇಲ್ಲ.

ಮೂರನೆಯದು ಸಿಲ್ವರ್ ಡೈಅಮೀನ್ ಫ್ಲೋರೈಡ್, ಶೇ. 38ರದ್ದು, ಚಿಕ್ಕದಾಗಿ ಎಸ್‌ಡಿಎಫ್. ಇದರಲ್ಲಿ ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಹಲ್ಲು ಗಟ್ಟಿ ಮಾಡುತ್ತದೆ. ಹಾಲುಹಲ್ಲಿನಲ್ಲಿ ಶುರುವಾದ ಹುಳುಕು ಹತ್ತರಲ್ಲಿ ಸುಮಾರು ಎಂಟು ಕಡೆ ಅಲ್ಲೇ ನಿಲ್ಲುತ್ತದೆ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದೇ ಕೊರತೆ, ಹುಳುಕಾದ ಜಾಗ ಕಾಯಂ ಕಪ್ಪಾಗುತ್ತದೆ. “ಮುಂದಿನ ಹಲ್ಲು ಕಪ್ಪಾದರೆ ಶಾಲೆಯಲ್ಲಿ ನಗುವುದಿಲ್ಲವಾ ಮೇಡಂ?” ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕುರ್ಚಿಯಲ್ಲಿ ಕೂರಲು ಒಪ್ಪದ ಮೂರು ವರ್ಷದ ಮಗುವಿಗೆ, ಹಿಂದಿನ ಹಲ್ಲಿಗೆ, ಬೀಳುವ ಹಲ್ಲಿಗೆ ನಾನು ಎಸ್‌ಡಿಎಫ್ ಪರ. ಬೆಳ್ಳಿಯ ಅಲರ್ಜಿ ಇದ್ದರೆ ಆಗುವುದಿಲ್ಲ.

ಈಗ ನಿಮ್ಮ ಮನೆಗೆ

ಮೂರು ವರ್ಷದೊಳಗಿನ ಮಗು ಇದ್ದರೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ರಾತ್ರಿ ಬಾಟಲಿ ಬಂದ್, ಬಿಳಿ ಮಚ್ಚೆ ಕಂಡರೆ ವಾರ್ನಿಶ್. ಬೇರೇನೂ ಕೊಳ್ಳಬೇಡಿ. ಶಾಲೆಗೆ ಹೋಗುವವರಿಗೆ ಪೇಸ್ಟಿನ ಜೊತೆ ಸೀಲೆಂಟ್. ಬ್ರೇಸಸ್ ಹಾಕಿಸಿಕೊಂಡ ಕಾಲೇಜು ಹುಡುಗ ಹುಡುಗಿಯರಿಗೆ ತಂತಿಯ ಸುತ್ತ ಪದರ ಕಟ್ಟುವುದು ಜಾಸ್ತಿ, ಅವರಿಗೆ ಫ್ಲೋರೈಡ್ ಮೌತ್‌ವಾಶ್ ನಿಜಕ್ಕೂ ಉಪಯೋಗ. ಹುಳುಕು ವರ್ಷಗಟ್ಟಲೆ ಕಾಣದ, ನಡುವೆ ಸಿಹಿ ತಿನ್ನದ ದೊಡ್ಡವರಿಗೆ ಪೇಸ್ಟು, ಬ್ರಶ್ ಬಿಟ್ಟರೆ ಉಳಿದದ್ದೆಲ್ಲ ಶೋಕಿ.

ನಾನು ಹೆಚ್ಚು ಹೊತ್ತು ಕೂತು ಮಾತಾಡುವುದು ವಯಸ್ಸಾದವರ ಜೊತೆ. ಬಿಪಿ ಮಾತ್ರೆ, ಡಿಪ್ರೆಶನ್ ಮಾತ್ರೆ, ಶುಗರ್, ಕ್ಯಾನ್ಸರಿನ ರೇಡಿಯೇಶನ್, ಇದರಿಂದೆಲ್ಲ ಬಾಯಿ ಒಣಗುತ್ತದೆ. ಎಂಜಲು ಇಲ್ಲದಿದ್ದರೆ ಇಳಿದ ಪಿಎಚ್ಚನ್ನು ಮೇಲೆತ್ತುವವರು ಯಾರೂ ಇಲ್ಲ. ವಸಡು ಕೆಳಗಿಳಿದು ಬೇರು ಹೊರಗೆ ಬಂದಿರುತ್ತದೆ, ಬೇರು ಎನಾಮೆಲ್‌ಗಿಂತ ಬೇಗ ಕರಗುತ್ತದೆ. ಬಾಯಿ ಒಣಗುತ್ತದೆ ಎಂದು ಪೆಪ್ಪರ್‌ಮಿಂಟ್ ಚೀಪುವ ಅಭ್ಯಾಸ ಅವರಲ್ಲಿ ತುಂಬ, ಅದರಿಂದಲೇ ಸಾಲಾಗಿ ಹಲ್ಲು ಹೋಗುತ್ತದೆ. ಪೆಪ್ಪರ್‌ಮಿಂಟ್ ಬದಲು ನೀರಿನ ಬಾಟಲಿ ಕೈಗೆ ಕೊಡಿ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟು, ಮೇಲೆ ಫ್ಲೋರೈಡ್ ಮೌತ್‌ವಾಶ್. ಮೂರು ತಿಂಗಳಿಗೊಮ್ಮೆ ಬೇರಿಗೆ ವಾರ್ನಿಶ್ ಹಚ್ಚಬಹುದಾ ಎಂದು ಡಾಕ್ಟ್ರ ಹತ್ತಿರ ಕೇಳಿ. ಹೋಗುವಾಗ ಅವರು ತಿನ್ನುವ ಮಾತ್ರೆಗಳ ಚೀಟಿ ಜೊತೆಗಿರಲಿ.